ನಕಲು ಮಾಡಿ ಕಲಿತ ಕಲಾವಿದ

ಕಾಪಿ ಹೊಡೆಯುವುದೆಂದರೆ ನಮ್ಮಲ್ಲಿ ಕೆಟ್ಟ ಮಾತು. ಪರೀಕ್ಷೆಯಲ್ಲಿ ಅದು ಸರಿಯೇ. ಆದರೆ ಆಗಷ್ಟೇ ಹೆಸರು ಗಳಿಸಿದ ಯುವಕನೊಬ್ಬ ಇನ್ನೊಬ್ಬರ ಚಿತ್ರವನ್ನು ಕಾಪಿ ಮಾಡಲೆಂದೇ ಬೇರೆ ದೇಶಕ್ಕೆ ಹೊರಟನೆಂದರೆ ನೀವೇನೆನ್ನುವಿರಿ? ಆತನೇ ಜಾನ್ ಸಿಂಗರ್ ಸಾರ್ಜೆಂಟ್.

ತಂದೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯರು. ಚೊಚ್ಚಲ ಮಗಳು ಎರಡರ ಪ್ರಾಯದಲ್ಲೇ ತೀರಿಕೊಂಡ ನೋವಿನಲ್ಲಿ ದಂಪತಿ 1854ರಲ್ಲಿ ಯೂರೋಪಿಗೆ ಬಂದರು, ಅಲ್ಲೇ ಉಳಿದುಬಿಟ್ಟರು. 1856ರ ಜನವರಿ 12ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಜಾನ್ ಹುಟ್ಟಿದ. ಊರೂರು ಅಲೆದಾಟ, ಕ್ರಮವಾದ ಶಾಲೆಯಿಲ್ಲ. ಮಗ ನೌಕಾಪಡೆ ಸೇರಲೆಂದು ತಂದೆಯ ಆಸೆ. ತಾಯಿಗೆ ಮಾತ್ರ ಚಿತ್ರ ಬರೆಯುವ ಹುಚ್ಚು; ಮಗನ ಕೈಗೂ ಪೆನ್ಸಿಲ್ ಕೊಟ್ಟವಳು ಆಕೆಯೇ.

1874ರಲ್ಲಿ ಪ್ಯಾರಿಸ್ಸಿನ ಕರೋಲಸ್ ಡ್ಯುರಾನ್ ಎಂಬ ಗುರುವಿನ ಬಳಿ ಆತ ಸೇರಿದ. ಬೇರೆಡೆ ಶಿಷ್ಯರು ಬಹುಕಾಲ ಇದ್ದಿಲಿನಲ್ಲಿ ಗೆರೆ ಎಳೆಯಬೇಕಿತ್ತು. ಈ ಗುರು ಮೊದಲೇ ಕುಂಚ ಹಿಡಿಸುತ್ತಿದ್ದರು. ಮುಖದಲ್ಲಿ ಬೆಳಕಿಗೂ ನೆರಳಿಗೂ ನಡುವಿನ ಛಾಯೆಯನ್ನು ಮೊದಲು ಗುರುತಿಸಬೇಕು, ಸರಿಯಾದ ಬಣ್ಣ ಕಲಸಿ ಸರಿಯಾದ ಜಾಗದಲ್ಲಿ ಇಡಬೇಕು. ಮೇಲೆ ತಿಕ್ಕಿ ತೀಡಿ ನುಣುಪು ಮಾಡುವ ಹಾಗಿಲ್ಲ. ಅವರು ಸದಾ ತೋರಿಸುತ್ತಿದ್ದ ಮಾದರಿ, ಎರಡು ಶತಮಾನ ಹಿಂದೆ ತೀರಿಹೋಗಿದ್ದ ಸ್ಪೇನಿನ ವೆಲಾಸ್ಕೆಸ್.

1879ರಲ್ಲಿ ಜಾನ್ ಬರೆದ ಗುರುವಿನ ಭಾವಚಿತ್ರಕ್ಕೆ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಗೌರವ ದೊರೆಯಿತು. ಪ್ರಾಯ ಇಪ್ಪತ್ತಮೂರು. ಹಣವಂತರ ಚಿತ್ರ ಬರೆಯುತ್ತಾ ಸುಖವಾಗಿ ಇದ್ದುಬಿಡಬಹುದಿತ್ತು. ಆತ ಮಾಡಿದ್ದು ಬೇರೆ. ಅದೇ ವರ್ಷ ಮ್ಯಾಡ್ರಿಡ್‌ಗೆ ಹೋಗಿ, ಪ್ರಾಡೋ ಸಂಗ್ರಹಾಲಯದ ನಕಲುಗಾರರ ದಾಖಲೆಯಲ್ಲಿ ಹೆಸರು ಬರೆಸಿ, ಮತ್ತೆ ವಿದ್ಯಾರ್ಥಿಯಾದ.

ಎದುರಿಗಿದ್ದದ್ದು 1656ರ ‘ಲಾಸ್ ಮೆನಿನಾಸ್’. ಹತ್ತು ಅಡಿಗೂ ಎತ್ತರದ ಚಿತ್ರ. ನಡುವೆ ಐದು ವರ್ಷದ ರಾಜಕುಮಾರಿ, ಸುತ್ತ ಸಖಿಯರು, ಕುಬ್ಜರು, ಮಲಗಿದ ನಾಯಿ. ಹಿಂದೆ ಕನ್ನಡಿಯಲ್ಲಿ ಮಸುಕಾದ ರಾಜ ರಾಣಿ. ಮೇಲರ್ಧದ ತುಂಬ ಬರೀ ಕತ್ತಲೆ. ಹತ್ತಿರ ಹೋದರೆ ರಾಜಕುಮಾರಿಯ ಉಡುಗೆಯ ಕಸೂತಿ ಕೇವಲ ಬಣ್ಣದ ಚುಕ್ಕೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅದೇ ಬೆಳ್ಳಿಯಂತೆ ಮಿನುಗುತ್ತದೆ. ಇಂಥದ್ದನ್ನು ಬರೀ ನೋಡಿ ಕಲಿಯಲಾಗದು. ಈ ಬೂದು ಬಣ್ಣ ಆ ಕಪ್ಪಿಗಿಂತ ಎಷ್ಟು ತಿಳಿ ಎಂದು ಕೈಯಿಂದ ಕಲಸಿ, ತಪ್ಪಾದರೆ ಕೆರೆದು, ಮತ್ತೆ ಹಚ್ಚಬೇಕು. ಅಡುಗೆಯ ಹದವನ್ನು ಪುಸ್ತಕದಿಂದ ಕಲಿತವರನ್ನು ನಾನಂತೂ ಕಂಡಿಲ್ಲ. ಜಾನ್ ಮಾಡಿದ ಪ್ರತಿ ಮೂಲಕ್ಕಿಂತ ಬಹಳ ಚಿಕ್ಕದು. ಮರುವರ್ಷ ಹಾಲೆಂಡಿನ ಹಾರ್ಲೆಮ್‌ಗೂ ಹೋಗಿ ಫ್ರಾನ್ಸ್ ಹಾಲ್ಸ್‌ನ ಚಿತ್ರಗಳ ಮುಂದೆ ಹೀಗೆಯೇ ನಿಂತ.

ಹೀಗೆ ಮಾಡಿದರೆ ಸ್ವಂತಿಕೆ ಸಾಯುವುದಿಲ್ಲವೇ ಎಂದು ನೀವು ಕೇಳಬಹುದು. 1882ರಲ್ಲಿ ಆತ ಬಾಯ್ಟ್ ಎಂಬ ಅಮೆರಿಕನ್ನರ ನಾಲ್ವರು ಹೆಣ್ಣುಮಕ್ಕಳನ್ನು ಅವರ ಪ್ಯಾರಿಸ್ ಮನೆಯಲ್ಲಿ ಚಿತ್ರಿಸಿದ. ಚಿಕ್ಕವಳು ನೆಲದ ಮೇಲೆ ಗೊಂಬೆಯೊಂದಿಗೆ ಕುಳಿತಿದ್ದಾಳೆ; ದೊಡ್ಡವರಿಬ್ಬರು ಹಿಂದೆ, ಆಳೆತ್ತರದ ಹೂಜಿಗಳ ಬಳಿ, ಅರೆಗತ್ತಲಲ್ಲಿ. ಕತ್ತಲು ವೆಲಾಸ್ಕೆಸ್‌ನದೇ. ಆದರೆ ಬಾಲ್ಯದಿಂದ ದೂರ ಸರಿಯುತ್ತಿರುವ ಆ ಮಕ್ಕಳ ಮೌನವನ್ನು ಯಾರಿಂದಲೂ ನಕಲು ಮಾಡಿದ್ದಲ್ಲ.

ಮುಂದೆ ಲಂಡನ್ನಿನಲ್ಲಿ ಆತ ತನ್ನ ಕಾಲದ ಅತಿ ಪ್ರಸಿದ್ಧ ಭಾವಚಿತ್ರಕಾರನಾದ. 1925ರ ಏಪ್ರಿಲ್‌ನಲ್ಲಿ ನಿದ್ದೆಯಲ್ಲೇ ತೀರಿಕೊಂಡಾಗ, ಮ್ಯಾಡ್ರಿಡ್‌ನಲ್ಲಿ ಮಾಡಿದ್ದ ಆ ಚಿಕ್ಕ ಪ್ರತಿ ಇನ್ನೂ ಆತನ ಬಳಿಯೇ ಇತ್ತು.

2010ರಲ್ಲಿ ಬಾಯ್ಟ್ ಮಕ್ಕಳ ಚಿತ್ರ ಬಾಸ್ಟನ್ನಿನಿಂದ ಅತಿಥಿಯಾಗಿ ಪ್ರಾಡೋಗೆ ಬಂತು. ಅದನ್ನು ತೂಗುಹಾಕಿದ್ದು ‘ಲಾಸ್ ಮೆನಿನಾಸ್’ ಇರುವ ಕೋಣೆಯಲ್ಲೇ.