ಕಾದಂಬರಿಕಾರ ಮತ್ತು ಪತ್ರಾಗಾರ: ಓಲೆ ರೋಲ್ವಾಗ್‌ನ ಬದುಕು ಹಾಗೂ ಅಮೆರಿಕದ ನಾರ್ವೇಜಿಯನ್ ವಲಸಿಗರ ದಾಖಲೆಗಳು

ವಲಸೆ ಹೋದ ಸಮುದಾಯವೊಂದರ ಚರಿತ್ರೆಯನ್ನು ಕಟ್ಟುವವರಿಗೆ ಎರಡು ಬಗೆಯ ಆಕರಗಳು ದೊರೆಯುತ್ತವೆ. ಹಡಗಿನ ಪ್ರಯಾಣಿಕರ ಪಟ್ಟಿ, ಜನಗಣತಿ, ಭೂಮಿಯ ನೋಂದಣಿ ಮೊದಲಾದವು ಪ್ರಭುತ್ವವು ತನ್ನ ಅಗತ್ಯಕ್ಕಾಗಿ ಬರೆಸಿಟ್ಟವು. ಊರಿಗೆ ಬರೆದ ಕಾಗದಗಳು, ಚರ್ಚಿನ ನಡಾವಳಿ ಪುಸ್ತಕಗಳು, ದಿನಚರಿಗಳು, ಸಂಘಗಳ ವರದಿಗಳು ಹಾಗೂ ಸ್ವಂತ ಭಾಷೆಯ ಪತ್ರಿಕೆಗಳು ಸಮುದಾಯವೇ ತನಗಾಗಿ ಬರೆದುಕೊಂಡವು. ಮೊದಲನೆಯವು ಸರ್ಕಾರಿ ಕಚೇರಿಗಳಲ್ಲಿ ಸುರಕ್ಷಿತವಾಗಿ ಉಳಿಯುತ್ತವೆ. ಎರಡನೆಯವು ಮನೆಗಳ ಅಟ್ಟ ಸೇರುತ್ತವೆ. ಮೊಮ್ಮಕ್ಕಳಿಗೆ ಆ ಭಾಷೆ ಓದಲು ಬಾರದೆ ಹೋದಾಗ ಅವು ಬರಿಯ ಹಳೆಯ ಕಾಗದವಾಗಿಬಿಡುತ್ತವೆ. ಅಮೆರಿಕಕ್ಕೆ ವಲಸೆ ಹೋದ ನಾರ್ವೇಜಿಯನ್ನರ ಸಂದರ್ಭದಲ್ಲಿ ಈ ಎರಡನೆಯ ಬಗೆಯ ಆಕರಗಳನ್ನು ಉಳಿಸಲು ದುಡಿದವರಲ್ಲಿ ಓಲೆ ಎಡ್ವರ್ಟ್ ರೋಲ್ವಾಗ್ (1876–1931) ಪ್ರಮುಖನು. ಕಾದಂಬರಿಕಾರನಾಗಿ ಅವನು ಪ್ರಸಿದ್ಧ. ದಾಖಲೆಗಳ ಸಂಗ್ರಾಹಕನಾಗಿ ಅಷ್ಟು ಪರಿಚಿತನಲ್ಲ. ಅವನ ಬದುಕನ್ನು ಕ್ರಮವಾಗಿ ಪರಿಶೀಲಿಸಿದರೆ ಈ ಎರಡು ಕೆಲಸಗಳೂ ಒಂದೇ ಆತಂಕದಿಂದ ಹುಟ್ಟಿದವು ಎಂಬುದು ಸ್ಪಷ್ಟವಾಗುತ್ತದೆ.

1. ಕಡಲಿನಿಂದ ಹುಲ್ಲುಗಾವಲಿಗೆ

ರೋಲ್ವಾಗ್ ಹುಟ್ಟಿದ್ದು 1876ರ ಏಪ್ರಿಲ್ 22ರಂದು, ಉತ್ತರ ನಾರ್ವೆಯ ಹೆಲ್ಗೆಲಾಂಡ್ ಕರಾವಳಿಯ ಡೊನ್ನಾ ದ್ವೀಪದಲ್ಲಿ. ಅವನದು ಮೀನುಗಾರರ ಮನೆತನ. ರೋಲ್ವಾಗ್ ಎಂಬುದು ಅವನು ಹುಟ್ಟಿದ ಪುಟ್ಟ ಕೇರಿಯ ಹೆಸರು. ಅದನ್ನೇ ಮುಂದೆ ಅವನು ತನ್ನ ಕುಲನಾಮವಾಗಿ ಇರಿಸಿಕೊಂಡನು. ಶಾಲೆ ನಡೆಯುತ್ತಿದ್ದುದು ವರ್ಷದಲ್ಲಿ ಕೆಲವು ವಾರ ಮಾತ್ರ. ಮಗನಿಗೆ ಓದು ಒಗ್ಗುವುದಿಲ್ಲವೆಂದು ತಂದೆಯೇ ತೀರ್ಮಾನಿಸಿದ್ದರಿಂದ ಹದಿಹರೆಯದಲ್ಲಿಯೇ ಅವನು ಲೋಫೋಟೆನ್ ಮೀನುಗಾರಿಕೆಗೆ ಹೋಗಬೇಕಾಯಿತು. 1893ರ ಜನವರಿಯಲ್ಲಿ ಬೀಸಿದ ಭೀಕರ ಬಿರುಗಾಳಿಗೆ ಅನೇಕ ಮೀನುಗಾರರು ಬಲಿಯಾದರು. ರೋಲ್ವಾಗ್ ಬದುಕಿ ಉಳಿದನಾದರೂ ಆ ವೃತ್ತಿಯ ಬಗೆಗಿನ ಅವನ ಮನಸ್ಸು ಮುರಿದುಹೋಯಿತು. ಅವನು ಅಮೆರಿಕದಲ್ಲಿ ನೆಲೆಸಿದ್ದ ಚಿಕ್ಕಪ್ಪನಿಗೆ ಬರೆದು ಪ್ರಯಾಣದ ಟಿಕೇಟು ಕೇಳಿದನು. ಟಿಕೇಟು ಬಂದ ಮೇಲೆ ದೋಣಿಯ ಯಜಮಾನನು ಅವನಿಗೆ ಸ್ವಂತ ದೋಣಿಯೊಂದನ್ನು ಕೊಡಿಸಲು ಮುಂದಾದನು. ಬಡ ಮೀನುಗಾರ ಯುವಕನಿಗೆ ಅದಕ್ಕಿಂತ ದೊಡ್ಡ ಭಾಗ್ಯವಿರಲಿಲ್ಲ. ಆದರೂ ಅದನ್ನು ನಿರಾಕರಿಸಿ 1896ರಲ್ಲಿ ಅವನು ದಕ್ಷಿಣ ಡಕೋಟಾದ ಎಲ್ಕ್ ಪಾಯಿಂಟ್ ಎಂಬ ಊರನ್ನು ತಲುಪಿದನು. ಪಡೆದುದಕ್ಕೆ ಸಮನಾಗಿ ಕಳೆದುಕೊಂಡುದರ ಲೆಕ್ಕವನ್ನೂ ಇಡುವ ಗುಣ ಅವನ ಕೃತಿಗಳ ಉದ್ದಕ್ಕೂ ಕಾಣುತ್ತದೆ. ಅದರ ಮೂಲವನ್ನು ಈ ನಿರ್ಧಾರದಲ್ಲಿಯೇ ಗುರುತಿಸಬಹುದು.

ಸುಮಾರು ಎರಡು ವರ್ಷ ಕೃಷಿ ಕೂಲಿಯಾಗಿ ದುಡಿದ ಅವನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, 1898ರಲ್ಲಿ, ಕ್ಯಾಂಟನ್ ಊರಿನ ಆಗಸ್ಟಾನಾ ಅಕಾಡೆಮಿಗೆ ಸೇರಿದನು. ಅಲ್ಲಿಂದ ಮಿನೆಸೋಟಾ ರಾಜ್ಯದ ನಾರ್ತ್‌ಫೀಲ್ಡ್‌ನ ಸೇಂಟ್ ಓಲಾಫ್ ಕಾಲೇಜಿಗೆ ಹೋಗಿ 1905ರಲ್ಲಿ ಪದವಿ ಪಡೆದನು. ನಾರ್ವೆಯ ರಾಜಧಾನಿಯ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಓದಿ ಬಂದು, 1906ರಿಂದ ಸೇಂಟ್ ಓಲಾಫ್‌ನಲ್ಲಿಯೇ ನಾರ್ವೇಜಿಯನ್ ಭಾಷೆ, ಸಾಹಿತ್ಯಗಳನ್ನು ಬೋಧಿಸತೊಡಗಿದನು. 1908ರಲ್ಲಿ ಜೆನ್ನಿ ಬೆರ್ಡಾಲ್‌ಳನ್ನು ವಿವಾಹವಾದನು. ಡಕೋಟಾದ ಹುಲ್ಲುಗಾವಲಿನಲ್ಲಿ ಮೊದಲು ನೆಲೆಯೂರಿದ ಕುಟುಂಬಗಳಲ್ಲಿ ಅವಳದೂ ಒಂದು. ಮಾವನಿಂದ ಕೇಳಿ ತಿಳಿದ ಆ ಕಾಲದ ವೃತ್ತಾಂತಗಳು ಮುಂದೆ ಅವನ ಮಹತ್ವದ ಕಾದಂಬರಿಗೆ ಸಾಮಗ್ರಿಯಾದವು.

2. ಭಾಷೆಯ ಪ್ರಶ್ನೆ

ರೋಲ್ವಾಗ್‌ನ ಮೊದಲ ಪ್ರಕಟಿತ ಕಾದಂಬರಿ 1912ರ ‘ಅಮೆರಿಕಾ ಬ್ರೆವೆ’, ಎಂದರೆ ಅಮೆರಿಕದ ಪತ್ರಗಳು. ಪೋಲ್ ಮೋರ್ಕ್ ಎಂಬ ಗುಪ್ತನಾಮದಲ್ಲಿ ಅದು ಹೊರಬಂದಿತು. ಅಮೆರಿಕಕ್ಕೆ ಬಂದ ಯುವಕನೊಬ್ಬ ಊರಿನಲ್ಲಿರುವ ತಂದೆಗೂ ಸಹೋದರನಿಗೂ ಬರೆಯುವ ಕಾಗದಗಳ ರೂಪದಲ್ಲಿ ಕೃತಿ ಸಾಗುತ್ತದೆ. 1825ರಿಂದ ಒಂದು ಶತಮಾನದಲ್ಲಿ 8 ಲಕ್ಷಕ್ಕೂ ಹೆಚ್ಚು ನಾರ್ವೇಜಿಯನ್ನರು ವಲಸೆ ಹೋದರು. ಅಕ್ಷರ ಬಲ್ಲ ಸಾಮಾನ್ಯ ರೈತ, ಕೂಲಿ, ಮನೆಗೆಲಸದ ಹೆಣ್ಣುಮಕ್ಕಳು ತಮ್ಮ ಅನುಭವವನ್ನು ದಾಖಲಿಸಿದ್ದು ಇಂತಹ ಕಾಗದಗಳಲ್ಲಿಯೇ. ಸಮುದಾಯಕ್ಕೆ ಅತ್ಯಂತ ಪರಿಚಿತವಾದ ಬರವಣಿಗೆಯ ರೂಪವನ್ನು ರೋಲ್ವಾಗ್ ಸಾಹಿತ್ಯರೂಪವಾಗಿ ಎತ್ತಿಕೊಂಡದ್ದು ಗಮನಾರ್ಹ. ಅದೇ ಬಗೆಯ ನಿಜವಾದ ಕಾಗದಗಳನ್ನು ಕೂಡಿಹಾಕುವ ಕೆಲಸ ಅವನ ಪಾಲಿಗೆ ಬಂದದ್ದು ಹದಿಮೂರು ವರ್ಷಗಳ ನಂತರ.

ಈ ನಡುವೆ ಮೊದಲ ಮಹಾಯುದ್ಧವು ಭಾಷೆಯ ಪ್ರಶ್ನೆಯನ್ನು ತೀವ್ರಗೊಳಿಸಿತು. 1918ರ ಮೇ ತಿಂಗಳಲ್ಲಿ ಐಯೋವಾ ರಾಜ್ಯದ ಗವರ್ನರ್ ವಿಲಿಯಂ ಹಾರ್ಡಿಂಗ್ ಶಾಲೆ, ಸಾರ್ವಜನಿಕ ಸ್ಥಳ, ದೂರವಾಣಿ ಮಾತ್ರವಲ್ಲದೆ ಆರಾಧನೆಯಲ್ಲಿಯೂ ಇಂಗ್ಲಿಷೇತರ ಭಾಷೆಗಳನ್ನು ನಿಷೇಧಿಸಿ ಘೋಷಣೆ ಹೊರಡಿಸಿದನು. ಜರ್ಮನರ ವಿರುದ್ಧದ ಸಂಶಯದ ಬಿಸಿ ನಾರ್ವೇಜಿಯನ್ನರಿಗೂ ತಟ್ಟಿತು. 1917ರಲ್ಲಿ ಒಂದಾಗಿದ್ದ ಅವರ ಲೂಥರನ್ ಚರ್ಚು ಮರುವರ್ಷವೇ ತನ್ನ ಹೆಸರಿನಿಂದ ‘ನಾರ್ವೇಜಿಯನ್’ ಎಂಬ ಪದವನ್ನು ಕೈಬಿಡುವ ನಿರ್ಣಯಕ್ಕೆ ಬಂದಿತು. ಪ್ರತಿರೋಧದ ಕಾರಣ ಆಗ ಹಿಂದೆ ಸರಿದರೂ 1946ರಲ್ಲಿ ಅದನ್ನು ತೆಗೆದೇ ಹಾಕಿತು. ಪೂರ್ವಜರ ಪರಂಪರೆಯ ರಕ್ಷಣೆಗೆಂದು 1919ರಲ್ಲಿ ರೂಪುಗೊಂಡ ಸಂಘಕ್ಕೆ ರೋಲ್ವಾಗ್ ಕಾರ್ಯದರ್ಶಿಯಾದನು. ಅದು ಹೆಚ್ಚು ಕಾಲ ಬಾಳಲಿಲ್ಲ. 1922ರ ಅವನ ಪ್ರಬಂಧ ಸಂಕಲನವು ಈ ವಾಗ್ವಾದದ ಫಲ. ತಾಯ್ನುಡಿಯನ್ನು ಬಿಟ್ಟ ವಲಸಿಗನು ಕೇವಲ ಪದಗಳನ್ನಲ್ಲದೆ ತಲೆಮಾರುಗಳ ನಡುವಿನ ಸಂಬಂಧವನ್ನೂ ಕಳೆದುಕೊಳ್ಳುತ್ತಾನೆ ಎಂಬುದು ಅವನ ವಾದದ ತಿರುಳು. ಇದೇ ವರ್ಷಗಳಲ್ಲಿ ಅವನ ಮನೆಯಲ್ಲಿಯೂ ಸಾವು ನೋವುಗಳು ಸಂಭವಿಸಿದವು. 1915ರಲ್ಲಿ ಹಿರಿಯ ಮಗ ತೀರಿಕೊಂಡನು. 1920ರಲ್ಲಿ ಐದು ವರ್ಷದ ಇನ್ನೊಬ್ಬ ಮಗ ನೀರಿನಲ್ಲಿ ಮುಳುಗಿ ಸತ್ತನು. ಮುಂದಿನ ಕೃತಿಗಳಲ್ಲಿ ದೈವದ ಬಗೆಗಿನ ಪ್ರಶ್ನೆಗಳು ಗಾಢವಾದುದಕ್ಕೆ ಈ ಹಿನ್ನೆಲೆಯೂ ಇದೆ.

3. 1925: ಎರಡು ಕೆಲಸಗಳ ಸಂಧಿ

ನಾರ್ವೆಯ ಕಾದಂಬರಿಕಾರ ಯೋಹಾನ್ ಬೊಯೆರ್ ವಲಸಿಗರನ್ನು ಕುರಿತು ಬರೆಯಲಿದ್ದಾನೆ ಎಂಬ ಸುದ್ದಿ ರೋಲ್ವಾಗ್‌ನನ್ನು ತ್ವರೆಗೊಳಿಸಿತು. ವಲಸೆಯನ್ನು ಬಾಳಿದವನೇ ಅದನ್ನು ಬರೆಯಬೇಕೆಂಬ ಹಠದಿಂದ ಅವನು ಕಾಲೇಜಿಗೆ ರಜೆ ಹಾಕಿ ಬರವಣಿಗೆಗೆ ತೊಡಗಿದನು. ಅದರ ಫಲವಾಗಿ ಬಂದ ಎರಡು ಸಂಪುಟಗಳು 1924 ಮತ್ತು 1925ರಲ್ಲಿ ಓಸ್ಲೋದಲ್ಲಿ ಪ್ರಕಟವಾದವು. ಲಿಂಕನ್ ಕೋಲ್ಕಾರ್ಡ್ ಎಂಬ ಲೇಖಕನೊಂದಿಗೆ ರೋಲ್ವಾಗ್‌ನೇ ಕುಳಿತು ಮಾಡಿದ ಇಂಗ್ಲಿಷ್ ಅನುವಾದ ‘ಜಯಂಟ್ಸ್ ಇನ್ ದಿ ಅರ್ತ್’ 1927ರಲ್ಲಿ ಬಂದು ಅಪಾರ ಓದುಗರನ್ನು ಗಳಿಸಿತು. ಕಥೆ 1873ರ ಡಕೋಟಾದಲ್ಲಿ ಆರಂಭವಾಗುತ್ತದೆ. ಹೊಸ ನೆಲವನ್ನು ಗೆಲ್ಲಲು ಹೊರಟ ಪೆರ್ ಹಾನ್ಸಾನ ಉತ್ಸಾಹವನ್ನೂ, ಆ ಬಯಲಿನ ಶೂನ್ಯಕ್ಕೆ ಬೆದರಿ ಮನಸ್ಸಿನ ಸಮತೋಲ ಕಳೆದುಕೊಳ್ಳುವ ಅವನ ಹೆಂಡತಿ ಬೆರೆಟ್‌ಳ ದಿಗಿಲನ್ನೂ ಕಾದಂಬರಿ ಜೊತೆಜೊತೆಗೆ ನಿಲ್ಲಿಸುತ್ತದೆ. ಹಿರಿಯರಿಂದ ಬಂದ ಹಳೆಯ ಪೆಟ್ಟಿಗೆಯೊಂದನ್ನು ಬೆರೆಟ್ ಸಮುದ್ರದಾಚೆಯಿಂದ ತಂದಿರುತ್ತಾಳೆ. ಮಿಡತೆಗಳ ಹಿಂಡು ಆಕಾಶವನ್ನು ಕವಿದಾಗ ಆಕೆ ಆ ಪೆಟ್ಟಿಗೆಯೊಳಗೇ ಅಡಗುತ್ತಾಳೆ. ಜಮೀನಿನ ದಾಖಲೆಯಲ್ಲಿ ಪೆರ್ ಹಾನ್ಸಾನಂತಹವರ ಹೆಸರು ಉಳಿಯುತ್ತದೆ. ಬೆರೆಟ್‌ಳ ಭಯಕ್ಕೆ ಅಲ್ಲಿ ಜಾಗವಿಲ್ಲ. ಪ್ರಭುತ್ವದ ದಾಖಲೆ ಬಿಟ್ಟುಬಿಡುವ ಈ ಭಾಗವೇ ಕಾದಂಬರಿಯ ಕೇಂದ್ರ.

ಎರಡನೆಯ ಸಂಪುಟ ಬಂದ ವರ್ಷವೇ ವಲಸೆಯ ಶತಮಾನೋತ್ಸವವೂ ನಡೆಯಿತು. ‘ರೆಸ್ಟೊರಾಸಿಯೋನೆನ್’ ಎಂಬ ಪುಟ್ಟ ಹಾಯಿಹಡಗು 1825ರಲ್ಲಿ ಸ್ತವಾಂಗೆರ್‌ನಿಂದ ನ್ಯೂಯಾರ್ಕಿಗೆ ಬಂದುದರ ಸ್ಮರಣೆ ಅದು. ಮಿನೆಸೋಟಾದಲ್ಲಿ ಜರುಗಿದ ಉತ್ಸವದಲ್ಲಿ ಅಧ್ಯಕ್ಷ ಕಾಲ್ವಿನ್ ಕೂಲಿಜ್ ಭಾಷಣ ಮಾಡಿದನು. ಉತ್ಸವದ ಸಂಭ್ರಮ ಮುಗಿದ ಕೆಲವೇ ತಿಂಗಳಲ್ಲಿ, ಅಕ್ಟೋಬರ್ 6ರಂದು, ಸೇಂಟ್ ಓಲಾಫ್ ಕಾಲೇಜಿನಲ್ಲಿ ನಾರ್ವೇಜಿಯನ್-ಅಮೆರಿಕನ್ ಇತಿಹಾಸ ಸಂಘ ಸ್ಥಾಪನೆಯಾಯಿತು. ರೋಲ್ವಾಗ್ ಅದರ ಮೊದಲ ಕಾರ್ಯದರ್ಶಿ ಹಾಗೂ ಪತ್ರಾಗಾರದ ಮೇಲ್ವಿಚಾರಕನಾದನು. ಇತಿಹಾಸಕಾರ ಥಿಯೊಡೋರ್ ಬ್ಲೆಗೆನ್ ಸಂಪಾದಕನಾದನು. ಕಾಗದ, ದಿನಚರಿ, ಸಭಾ ನಡಾವಳಿ, ಪತ್ರಿಕೆ, ಕರಪತ್ರಗಳು ಒಂದೆಡೆ ಸೇರಲು ಇದರಿಂದ ನೆಲೆಯೊಂದು ಸಿಕ್ಕಿತು. ಊರಿಗೆ ಬರೆದ ಕಾಗದಗಳು ಸಹಜವಾಗಿಯೇ ಊರಿನಲ್ಲಿ ಉಳಿದಿದ್ದವು. ಅವುಗಳನ್ನು ಹುಡುಕಲು ಬ್ಲೆಗೆನ್ 1928–29ರಲ್ಲಿ ನಾರ್ವೆಗೇ ಹೋಗಬೇಕಾಯಿತು. ವಲಸಿಗ ಸಮುದಾಯದ ದಾಖಲೆ ಎರಡು ದಡಗಳಲ್ಲಿ ಹಂಚಿಹೋಗಿರುತ್ತದೆ ಎಂಬ ತಿಳಿವು ಈ ಕ್ಷೇತ್ರದ ಸಂಶೋಧನೆಗೆ ತಳಹದಿಯಾಯಿತು.

ಇಲ್ಲಿ ಒಂದು ವೈರುಧ್ಯವನ್ನು ಗಮನಿಸಬೇಕು. ಬದುಕಿನುದ್ದಕ್ಕೂ ನಾರ್ವೇಜಿಯನ್ ಭಾಷೆಗಾಗಿ ಹೋರಾಡಿದವನು ಕಾರ್ಯದರ್ಶಿಯಾಗಿದ್ದ ಸಂಘ, 1926ರಿಂದ ಆರಂಭವಾದ ತನ್ನ ಅಧ್ಯಯನ ಮಾಲೆಯನ್ನು ಹೊರತಂದದ್ದು ಇಂಗ್ಲಿಷಿನಲ್ಲಿ. ಆಕರ ಒಂದು ಭಾಷೆಯಲ್ಲಿ, ಅದರ ವಿವೇಚನೆ ಇನ್ನೊಂದರಲ್ಲಿ. ಇದನ್ನು ಸೋಲಿನ ಒಪ್ಪಿಗೆ ಎಂದಷ್ಟೇ ಓದುವುದು ಸರಿಯಾಗದು. ಆಡುಮಾತು ಮನೆಗಳಿಂದ ಮರೆಯಾಗುವುದನ್ನು ತಡೆಯುವುದು ಸಂಘದ ಕೈಯಲ್ಲಿರಲಿಲ್ಲ. ಆ ಮಾತಿನಲ್ಲಿ ಬರೆದುದನ್ನು ನಾಶವಾಗದಂತೆ ಕಾಯುವುದು ಅದಕ್ಕೆ ಸಾಧ್ಯವಿತ್ತು. ಇದೇ ಕಾಲದ ಅವನ ಮುಂದಿನ ಎರಡು ಕಾದಂಬರಿಗಳು (1928, 1931) ಬೆರೆಟ್‌ಳ ಮಗ ಪೆಡೆರ್ ಇಂಗ್ಲಿಷಿನತ್ತ ಸರಿದು ತಾಯಿಯಿಂದ ದೂರವಾಗುವುದನ್ನೂ, ಐರಿಷ್ ಕ್ಯಾಥೊಲಿಕ್ ಹುಡುಗಿಯೊಂದಿಗಿನ ಅವನ ದಾಂಪತ್ಯ ಒಡೆಯುವುದನ್ನೂ ಚಿತ್ರಿಸುತ್ತವೆ. ಹೊರಗೆ ನಡೆಯುತ್ತಿದ್ದ ಪಲ್ಲಟವನ್ನು ಲೇಖಕನು ಕಣ್ಣುಮುಚ್ಚಿ ನಿರಾಕರಿಸಲಿಲ್ಲ ಎಂಬುದಕ್ಕೆ ಇವು ಸಾಕ್ಷಿ.

4. ಉಪಸಂಹಾರ

ಹೃದ್ರೋಗದಿಂದ ಬಳಲುತ್ತಿದ್ದ ರೋಲ್ವಾಗ್ 1931ರ ನವೆಂಬರ್ 5ರಂದು ನಾರ್ತ್‌ಫೀಲ್ಡ್‌ನಲ್ಲಿ ನಿಧನನಾದನು. ಅವನ ಮಗ ಕಾರ್ಲ್ 1963ರಿಂದ 1967ರವರೆಗೆ ಮಿನೆಸೋಟಾದ ಗವರ್ನರ್ ಆಗಿದ್ದನು. ಸೇಂಟ್ ಓಲಾಫ್‌ನ ಗ್ರಂಥಾಲಯಕ್ಕೆ ರೋಲ್ವಾಗ್‌ನ ಹೆಸರನ್ನಿಡಲಾಯಿತು. ಅವನ ಶಿಷ್ಯ ಐನಾರ್ ಹೌಗೆನ್ ಭಾಷಾವಿಜ್ಞಾನಿಯಾಗಿ ಬೆಳೆದು, ಅಮೆರಿಕದಲ್ಲಿನ ನಾರ್ವೇಜಿಯನ್ ಭಾಷೆಯನ್ನು ಕುರಿತು 1953ರಲ್ಲಿ ಬೃಹತ್ ಅಧ್ಯಯನವನ್ನು ಪ್ರಕಟಿಸಿದನು. ದ್ವಿಭಾಷಿಕತೆಯ ಚರ್ಚೆಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ಗ್ರಂಥವದು. ವಲಸಿಗರ ಪ್ರಮುಖ ಪತ್ರಿಕೆಗಳಲ್ಲಿ ಒಂದಾದ ‘ಡೆಕೋರಾ ಪೊಸ್ತೆನ್’ 1972ರಲ್ಲಿ ನಿಂತುಹೋಯಿತು.

ಒಟ್ಟಾರೆಯಾಗಿ ಹೇಳುವುದಾದರೆ, ರೋಲ್ವಾಗ್ ಬಯಸಿದ ದ್ವಿಭಾಷಿಕ ಸಮುದಾಯ ಉಳಿಯಲಿಲ್ಲ. ಅವನು ಕಾಯಲು ತೊಡಗಿದ ಕಾಗದಗಳು ಉಳಿದವು. ಅವುಗಳನ್ನು ಓದಬೇಕಾದವರು ಅಜ್ಜಿಯ ಮಾತನ್ನು ತರಗತಿಯಲ್ಲಿ ಹೊಸದಾಗಿ ಕಲಿಯಬೇಕಾಗುತ್ತದೆ. ಸಮುದಾಯದ ಪತ್ರಾಗಾರವನ್ನು ಕಟ್ಟುವ ಕೆಲಸವನ್ನು ಭಾಷಾಬೋಧನೆಯಿಂದ ಬೇರ್ಪಡಿಸಿ ನೋಡಲಾಗದು ಎಂಬುದನ್ನು, ಇವೆರಡನ್ನೂ ಒಂದೇ ಕಾಲೇಜಿನಲ್ಲಿ ನಿಂತು ನಿರ್ವಹಿಸಿದ ಈ ಅಧ್ಯಾಪಕನ ಬದುಕು ತೋರಿಸಿಕೊಡುತ್ತದೆ.