ಶ್ರೀರಂಗಪಟ್ಟಣದಲ್ಲಿ ಕೈದಿಯಾಗಿದ್ದವನೇ ಕೋಟೆಗೆ ನುಗ್ಗಿದ: ಯಾರೀ ಡೇವಿಡ್ ಬೇರ್ಡ್?

2023ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಟಿಪ್ಪು ಸುಲ್ತಾನ್ ಖಡ್ಗ ಸುಮಾರು 1.4 ಕೋಟಿ ಪೌಂಡ್‌ಗೆ ಹರಾಜಾದಾಗ ಇನ್ನೊಂದು ಹೆಸರೂ ಸುದ್ದಿಯಲ್ಲಿತ್ತು. 1799ರಲ್ಲಿ ಆ ಖಡ್ಗವನ್ನು ಉಡುಗೊರೆಯಾಗಿ ಪಡೆದಿದ್ದ ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್. ಅದಕ್ಕೂ ಮೊದಲು ಆತ ಮೂರೂವರೆ ವರ್ಷ ಶ್ರೀರಂಗಪಟ್ಟಣದಲ್ಲೇ ಯುದ್ಧಕೈದಿಯಾಗಿದ್ದ.

1757ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿದ ಬೇರ್ಡ್ ಮದರಾಸಿಗೆ ಬಂದಿದ್ದು 1780ರ ಜನವರಿಯಲ್ಲಿ. ಅದೇ ವರ್ಷ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಸೇನೆ ಕರ್ನಲ್ ಬೈಲಿಯ ಪಡೆಯನ್ನು ಧೂಳೀಪಟ ಮಾಡಿತು. ದರಿಯಾ ದೌಲತ್ ಗೋಡೆಯ ಮೇಲೆ ಈಗಲೂ ಈ ಯುದ್ಧದ ಚಿತ್ರ ನೋಡಬಹುದು. ಗಾಯಗೊಂಡಿದ್ದ ಬೇರ್ಡ್ ಸೆರೆಸಿಕ್ಕ.

ಸೆರೆಮನೆಯಲ್ಲಿ ಅಧಿಕಾರಿಗಳ ಕಾಲಿಗೂ ಬೇಡಿ ತೊಡಿಸಲಾಗುತ್ತಿತ್ತು. ಗಾಯ ಮಾಗದ ಬೇರ್ಡ್‌ಗೆ ಬೇಡಿ ಬೇಡ, ಅವನ ಪಾಲಿನದನ್ನೂ ತಾನೇ ಹೊರುತ್ತೇನೆ ಎಂದು ಲ್ಯೂಕಾಸ್ ಎಂಬ ಹಿರಿಯ ಕ್ಯಾಪ್ಟನ್ ಮುಂದೆ ಬಂದನಂತೆ. ಕೈದಿಗಳನ್ನು ಜೋಡಿಯಾಗಿ ಕಟ್ಟಿಹಾಕುತ್ತಾರೆಂದು ಕೇಳಿದ ಬೇರ್ಡ್ ತಾಯಿ, ಮಗನ ಜೊತೆ ಸಿಕ್ಕಿಬಿದ್ದವನ ಬಗ್ಗೆ ಮರುಗಿದಳು ಎಂಬ ಕಥೆಯೂ ಇದೆ. ಮಗನ ಸಿಟ್ಟು ಹೆತ್ತವಳಿಗಲ್ಲದೆ ಇನ್ಯಾರಿಗೆ ಗೊತ್ತು!

ಬೈಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಆತನ ಹೆಸರಿನ ಬಂದೀಖಾನೆ ಇವತ್ತು ಪ್ರವಾಸಿ ತಾಣ. ಬೇರ್ಡ್ ಕೂಡ ಇಲ್ಲೇ ಇದ್ದ ಎಂಬುದು ಊರಿನವರ ನಂಬಿಕೆ. 1784ರಲ್ಲಿ ಮಂಗಳೂರು ಒಪ್ಪಂದವಾದ ಮೇಲೆ ಆತನಿಗೆ ಬಿಡುಗಡೆ ಸಿಕ್ಕಿತು.

ಹದಿನೈದು ವರ್ಷದ ಬಳಿಕ, 1799ರ ಮೇ 4ರ ಮಧ್ಯಾಹ್ನ, ಕಾವೇರಿ ದಾಟಿ ಕೋಟೆಗೆ ನುಗ್ಗಿದ ಪಡೆಯ ನೇತೃತ್ವವನ್ನು ಬೇರ್ಡ್ ತಾನೇ ಕೇಳಿ ಪಡೆದಿದ್ದ. ಅಂದು ಟಿಪ್ಪು ಹೋರಾಡುತ್ತಲೇ ಹತನಾದ. ರಾತ್ರಿ ದೀಪದ ಬೆಳಕಿನಲ್ಲಿ ಹೆಣಗಳ ರಾಶಿಯ ನಡುವೆ ಸುಲ್ತಾನನ ದೇಹ ಸಿಕ್ಕಿತು.

ಆದರೆ ಗೆದ್ದ ಪಟ್ಟಣದ ಅಧಿಕಾರ ಬೇರ್ಡ್‌ಗೆ ದಕ್ಕಲಿಲ್ಲ. ಮರುದಿನವೇ ಅದು ಆತನಿಗಿಂತ ಕಿರಿಯನಾದ ಆರ್ಥರ್ ವೆಲ್ಲೆಸ್ಲಿ ಪಾಲಾಯಿತು. ವೆಲ್ಲೆಸ್ಲಿಯ ಅಣ್ಣ ಆಗ ಗವರ್ನರ್ ಜನರಲ್! ಈ ನೋವು ಬೇರ್ಡ್‌ನನ್ನು ಬಹುಕಾಲ ಕಾಡಿತು.

ಮುಂದೆ ಈಜಿಪ್ಟ್‌ಗೆ ಹೋದ, 1806ರಲ್ಲಿ ಕೇಪ್ ವಸಾಹತು ಗೆದ್ದ, 1809ರಲ್ಲಿ ಸ್ಪೇನ್‌ನ ಕೊರುನ್ನಾ ಯುದ್ಧದಲ್ಲಿ ಎಡಗೈ ಕಳೆದುಕೊಂಡ. 1829ರ ಆಗಸ್ಟ್ 18ರಂದು ನಿಧನನಾದ.

ಆತನ ಪತ್ನಿ ಕಲಾವಿದ ಡೇವಿಡ್ ವಿಲ್ಕಿಯಿಂದ ದೊಡ್ಡದೊಂದು ವರ್ಣಚಿತ್ರ ಬರೆಸಿದಳು. ಟಿಪ್ಪು ದೇಹ ಸಿಕ್ಕಿದ ಆ ರಾತ್ರಿಯ ಚಿತ್ರವದು. ಅದರಲ್ಲಿ ಬೇರ್ಡ್ ನಿಂತಿರುವ ಜಾಗದ ಕೆಳಗೆ, ನೆಲಮಾಳಿಗೆಯ ಸೆರೆಮನೆಯ ಕಂಬಿ ಕಾಣುತ್ತದೆ.