ಕೂಲಿಯಾಳಿನ ವೇಷದಲ್ಲಿ ಬಂದ ಗುರು: ಸಂತ ಜೋಸೆಫ್ ವಾಜ್

ಸರಕಾರವೊಂದು ಯಾಜಕರ ಮೇಲೆ ಕಾನೂನಿನ ಖಡ್ಗ ಎತ್ತಿದಾಗ ವಿಶ್ವಾಸಿಗಳು ಏನು ಮಾಡಬೇಕು? 1926ರಲ್ಲಿ ಮೆಕ್ಸಿಕೊ ದೇಶದ ಕಥೋಲಿಕ ರೈತರು ಈ ಪ್ರಶ್ನೆಗೆ ಬಂದೂಕಿನಿಂದ ಉತ್ತರ ಕೊಟ್ಟರು. ಮೂರು ವರ್ಷ ರಕ್ತ ಹರಿಯಿತು. ಆ ಕಥೆಯನ್ನು ನೀವು ಕೇಳಿರಬಹುದು. ಅದಕ್ಕೂ ಎರಡು ಶತಮಾನಕ್ಕಿಂತ ಹಿಂದೆ, ನಮ್ಮ ನೆರೆಯ ಗೋವೆಯ ಒಬ್ಬ ಕೊಂಕಣಿ ಗುರು ಅಂಥದೇ ಕಾನೂನನ್ನು ಬರಿಗೈಯಲ್ಲಿ, ಬರಿಗಾಲಲ್ಲಿ ಎದುರಿಸಿದರು.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಬೆಣಾವಲಿಯಲ್ಲಿ. 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಮ್ಮನ್ನು ಮಾತೆ ಮರಿಯಳ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. 1681ರಲ್ಲಿ ಅವರನ್ನು ಕೆನರಾ ಪ್ರಾಂತಕ್ಕೆ, ಅಂದರೆ ನಮ್ಮ ಕರಾವಳಿಗೆ, ಮುಖ್ಯ ಗುರುವಾಗಿ ಕಳುಹಿಸಲಾಯಿತು.

ಆಗ ಇಲ್ಲಿ ಬೇರೆಯೇ ಒಂದು ತೊಡಕಿತ್ತು. ರೋಮ್ ನೇಮಿಸಿದ ಧರ್ಮಾಧ್ಯಕ್ಷ ಥೋಮಸ್ ದೆ ಕಾಸ್ತ್ರೊ ಒಂದು ಕಡೆ, ಪೋರ್ಚುಗೀಸರ ಹಕ್ಕು ಹೇಳುವ ಗೋವೆಯ ಆಡಳಿತ ಇನ್ನೊಂದು ಕಡೆ. ಯಾರು ಕೊಟ್ಟ ಸಂಸ್ಕಾರ ಸರಿ, ಯಾರದು ತಪ್ಪು ಎಂದು ಜನ ಕಂಗಾಲಾಗಿದ್ದರು. ವಾಜ್ ಗೋವೆಯ ಕಡೆಯಿಂದ ಬಂದವರು. ಆದರೂ ಜಗಳ ಹೆಚ್ಚಿಸಲಿಲ್ಲ, ಸಮಾಧಾನದ ದಾರಿ ಹುಡುಕಿದರು. ಮೂರು ವರ್ಷ ಊರೂರು ಅಲೆದು ಬಲಿಪೂಜೆ ಅರ್ಪಿಸಿದರು, ಶಾಲೆಗಳನ್ನು ತೆರೆದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ನೆನಪಿನ ಪುಣ್ಯಕ್ಷೇತ್ರವಿದೆ. ನಿಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿಬಂದಿರಬಹುದು.

ಅಷ್ಟರಲ್ಲಿ ಸಿಲೋನಿನ ಸುದ್ದಿ ಅವರನ್ನು ಕಾಡತೊಡಗಿತ್ತು. 1658ರಲ್ಲಿ ಯಾಫ್ನಾ ಡಚ್ಚರ ವಶವಾದೊಡನೆ ದ್ವೀಪದ ಕರಾವಳಿಯಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿಯಿತು. ಕಥೋಲಿಕರೆಂದರೆ ಪೋರ್ಚುಗೀಸರ ಬಾಲ ಎಂಬುದು ಡಚ್ಚರ ಎಣಿಕೆ. ಯಾಜಕರನ್ನು ಹೊರಗಟ್ಟಿದರು, ಇಗರ್ಜಿಗಳನ್ನು ಕಿತ್ತುಕೊಂಡರು. ಕಥೋಲಿಕ ಗುರುವಿಗೆ ಮನೆಯಲ್ಲಿ ಆಶ್ರಯ ಕೊಟ್ಟವರಿಗೆ ಮರಣದಂಡನೆ ಎಂದು ಅದೇ ವರ್ಷ ಆಜ್ಞೆ ಹೊರಡಿಸಿದರು. ಸುಮಾರು ಮೂವತ್ತು ವರ್ಷ ಅಲ್ಲಿನ ವಿಶ್ವಾಸಿಗಳು ಗುರುವಿಲ್ಲದೆ ಉಳಿದರು. ಯೋಚಿಸಿ ನೋಡಿ: ಮಗುವಾಗಿದ್ದಾಗ ಜ್ಞಾನಸ್ನಾನ ಪಡೆದವರು ತಾಯ್ತಂದೆಯರಾದರೂ ಒಂದು ಬಲಿಪೂಜೆ ಕಂಡಿರಲಿಲ್ಲ.

1685ರಲ್ಲಿ ವಾಜ್ ಹಳೇ ಗೋವೆಯ ಒರೆಟೋರಿಯನ್ ಗುರುಗಳ ಮಠ ಸೇರಿದರು. ಮರುವರ್ಷ ಜಾನ್ ಎಂಬ ಸೇವಕನೊಡನೆ ಹೊರಟರು. ಗೋವೆಯಿಂದ ಕಾಲ್ನಡಿಗೆಯಲ್ಲಿ ತೆಂಕಣಕ್ಕೆ ಹೋಗುವವರು ಕಾರವಾರದ ಕಾಳಿ ಹೊಳೆಯನ್ನೂ, ಶೆಟಗೇರಿ ಇರುವ ಅಂಕೋಲೆಯ ಸೀಮೆಯನ್ನೂ, ಮುಂದೆ ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನೂ ದಾಟದೆ ವಿಧಿಯಿಲ್ಲ. ಕೆನರಾದ ತಮ್ಮ ಹಳೆಯ ಜನರನ್ನು ಕಂಡು ಮುಂದುವರಿದ ಅವರು ತೂತುಕುಡಿಯಿಂದ ಕಡಲು ದಾಟಿ 1687ರಲ್ಲಿ ಯಾಫ್ನಾ ತಲುಪಿದರು.

ಬಿಳಿಯ ಪಾದ್ರಿಯಾಗಿದ್ದರೆ ದಡದಲ್ಲೇ ಸಿಕ್ಕಿಬೀಳುತ್ತಿದ್ದರು. ಇವರದು ನಮ್ಮಂಥದೇ ಕಂದು ಮೈಬಣ್ಣ, ಸೊಂಟಕ್ಕೆ ಕೂಲಿಯಾಳಿನ ತುಂಡುಬಟ್ಟೆ. ಇಳಿದ ಹೊಸದರಲ್ಲೇ ಇಬ್ಬರಿಗೂ ರಕ್ತಭೇದಿ ಹಿಡಿದು ಸಾವಿನ ಬಾಗಿಲಿಗೆ ಹೋಗಿಬಂದರು. ಚೇತರಿಸಿಕೊಂಡ ಮೇಲೆ ಕಥೋಲಿಕರನ್ನು ಗುರುತಿಸುವುದು ಹೇಗೆ? ಬಾಯಿಬಿಟ್ಟು ಕೇಳುವಂತಿಲ್ಲ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಅದನ್ನು ಕಂಡು ಯಾರ ಕಣ್ಣು ತುಸು ಹೆಚ್ಚು ಹೊತ್ತು ನಿಲ್ಲುತ್ತದೆಯೋ ಅವರನ್ನು ಮತ್ತೆ ನೋಡಿ ಬರುತ್ತಿದ್ದರು. ಹಾಗೆ ಒಂದು ಕುಟುಂಬ ಸಿಕ್ಕಿತು, ಅದರಿಂದ ಇನ್ನೊಂದು. ಸಿಲ್ಲಾಲೈ ಎಂಬ ಹಳ್ಳಿ ಅವರ ನೆಲೆಯಾಯಿತು. ರಾತ್ರಿ ಪಾಪನಿವೇದನೆ ಮತ್ತು ಬಲಿಪೂಜೆ. ಬೆಳಗಾಗುವ ಮೊದಲು ಎಲ್ಲ ಗುರುತೂ ಮಾಯ.

ಗುಟ್ಟು ಬಹುಕಾಲ ಉಳಿಯಲಿಲ್ಲ. ಒಂದು ಕ್ರಿಸ್‌ಮಸ್ ವೇಳೆಗೆ ಡಚ್ ಸಿಪಾಯಿಗಳು ಯಾಫ್ನಾದಲ್ಲಿ ಕಥೋಲಿಕರ ಮೇಲೆ ಬಿದ್ದರು. ಜನ ಸೆರೆಯಾದರು, ಪೆಟ್ಟು ತಿಂದರು. ಗುರುಗಳು ಕೈಗೆ ಸಿಗಲಿಲ್ಲ. ಇಲ್ಲಿ ಒಂದು ಮಾತು ಹೇಳಬೇಕು: ವಾಜ್ ತಪ್ಪಿಸಿಕೊಂಡದ್ದನ್ನು ಹೊಗಳುವಾಗ, ಅವರ ಜಾಗದಲ್ಲಿ ಪೆಟ್ಟು ತಿಂದ ಹೆಸರಿಲ್ಲದ ಆ ಸಂಸಾರಸ್ಥರನ್ನು ನಾವು ಮರೆತುಬಿಡುತ್ತೇವೆ. ಬಾಗಿಲು ತೆರೆಯದಿದ್ದರೆ ಅವರು ಸುಖವಾಗಿರುತ್ತಿದ್ದರು. ಆದರೂ ತೆರೆದರು.

ಅಲ್ಲಿಂದ ಪುತ್ತಲಂ, ಆಮೇಲೆ 1692ರಲ್ಲಿ ಬೌದ್ಧ ಅರಸನ ಕ್ಯಾಂಡಿ. ಪೋರ್ಚುಗೀಸರ ಗೂಢಚಾರನೆಂದು ಯಾರೋ ಚಾಡಿ ಹೇಳಿದ್ದರಿಂದ ಸಿಕ್ಕಿದ್ದು ಸೆರೆಮನೆ. ಅಲ್ಲಿ ಕೂತು ಸಿಂಹಳ ಭಾಷೆ ಕಲಿತರು. ಇವರಿಂದ ಅಪಾಯವಿಲ್ಲವೆಂದು ಅರಸ ಎರಡನೆಯ ವಿಮಲಧರ್ಮಸೂರ್ಯನಿಗೆ ಮನದಟ್ಟಾಯಿತು. ಘೋರ ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂತೆಂದು ಪರಂಪರೆ ಹೇಳುತ್ತದೆ. 1697ರ ಸಿಡುಬಿನ ಸಂಗತಿಯಂತೂ ಚರಿತ್ರೆಯಲ್ಲೇ ದಾಖಲಾಗಿದೆ. ಊರಿಗೆ ಊರೇ ರೋಗಿಗಳನ್ನು ಬಿಟ್ಟು ಓಡಿದಾಗ, ವಾಜ್ ಮತ್ತು ಅವರ ಸೋದರಳಿಯ ಫಾದರ್ ಜೋಸೆಫ್ ಕರ್ವಾಲೊ ಅವರ ಹುಣ್ಣು ತೊಳೆದರು, ಉಣಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಜಾತಿ ಮತ ಕೇಳಲಿಲ್ಲ. ಡಚ್ಚರ ಕಾನೂನಿನಿಂದ ಓಡಿಬಂದ ಕಥೋಲಿಕ ಗುರುವಿಗೆ ಬೌದ್ಧ ಅರಸ ನೆರಳು ಕೊಟ್ಟ ಎಂಬುದನ್ನು ನಿಮ್ಮ ಮಕ್ಕಳಿಗೆ ತಪ್ಪದೆ ಹೇಳಿ.

ಆ ನೆರಳಿನಿಂದ ವಾಜ್ ಮತ್ತೆ ಮತ್ತೆ ವೇಷ ಮರೆಸಿ ಡಚ್ಚರ ಸೀಮೆಗೆ ಇಳಿಯುತ್ತಿದ್ದರು. ಗೋವೆಯಿಂದ ಇನ್ನಷ್ಟು ಗುರುಗಳು ಬಂದು ಕೂಡಿದರು. 1711ರ ಜನವರಿ 16ರಂದು, ಅರವತ್ತು ತುಂಬುವ ಮೊದಲೇ, ಕ್ಯಾಂಡಿಯಲ್ಲಿ ಅವರು ಕಣ್ಣು ಮುಚ್ಚಿದರು. ದ್ವೀಪದಲ್ಲಿ ಆಗ ಸುಮಾರು 70,000 ಕಥೋಲಿಕರಿದ್ದರೆಂದು ಹೇಳುತ್ತಾರೆ.

ಕೊಲಂಬೊದಲ್ಲಿ 1995ರ ಜನವರಿ 21ರಂದು ಎರಡನೆಯ ಜಾನ್ ಪಾಲ್ ಅವರು ವಾಜರನ್ನು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಸಂತರೆಂದೂ ಘೋಷಿಸಿದರು. ಕಥೋಲಿಕರ ವಿರುದ್ಧದ ಆ ಡಚ್ ಕಾನೂನುಗಳು ರದ್ದಾದದ್ದು 1806ರಲ್ಲಿ, ಬ್ರಿಟಿಷರ ಕಾಲದಲ್ಲಿ. ವಾಜ್ ತೀರಿಕೊಂಡು ಆಗಲೇ ತೊಂಬತ್ತೈದು ವರ್ಷಗಳಾಗಿದ್ದವು.